ಕರೆಂಟೋ, ಪೆಟ್ರೋಲೋ?

ನಿಂತ ಕಾರಿಗೆ ಇರುವುದು ಎರಡೇ ಕಾಯಿಲೆ ಎಂದು ನನ್ನ ಸೋದರಮಾವ ಗಟ್ಟಿಯಾಗಿ ನಂಬಿದ್ದರು. ಒಂದೋ ಕರೆಂಟು ಬರುತ್ತಿಲ್ಲ, ಇಲ್ಲವೇ ಪೆಟ್ರೋಲು ಬರುತ್ತಿಲ್ಲ. ಮಿಕ್ಕಿದ್ದೆಲ್ಲ ಇವೆರಡರ ಮಕ್ಕಳು ಮರಿ. ಗಾಡಿ ನಿಂತಿತೋ, ಮಾವ ಇಳಿದು ಪಂಚೆ ಎತ್ತಿ ಕಟ್ಟಿ, ಬಾನೆಟ್ಟು ಎತ್ತಿ, ಕೈ ಹಿಂದೆ ಕಟ್ಟಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಮೊದಲು ಕೆಲಸ ಮಾಡುತ್ತಿದ್ದದ್ದು ಮೂಗು. ಪೆಟ್ರೋಲಿನ ವಾಸನೆ ಮುಖಕ್ಕೆ ಹೊಡೆಯುವಷ್ಟಿದ್ದರೆ ಎಂಜಿನ್ನಿಗೆ ಕುಡಿಯಲು ಬೇಕಾದಷ್ಟು ಸಿಕ್ಕಿದೆ, ತಪ್ಪು ಕರೆಂಟಿನ ಕಡೆ. ವಾಸನೆಯೇ ಇಲ್ಲವೆಂದರೆ ಪೆಟ್ರೋಲಿನ ಕಡೆ. ಇಷ್ಟು ತೀರ್ಮಾನ ಆಗುವವರೆಗೆ ಸ್ಪ್ಯಾನರಿಗೆ ಕೈ ಹಾಕುವಂತಿಲ್ಲ. ದಾರಿಯಲ್ಲಿ ನಿಂತ ಕಾರನ್ನು ಕಂಡರೆ ಹೋಗುವವರಿಗೆ ಬರುವವರಿಗೆಲ್ಲ ಏನಾದರೊಂದು ಬಿಚ್ಚುವ ಉಮೇದು ಬರುತ್ತದೆ. ಮಾವನಿಗೆ ಅಂಥವರನ್ನು ಕಂಡರಾಗದು. "ಬಿಚ್ಚೋದು ಎಂತ ಮಾರಾಯ, ಮಂಗನೂ ಬಿಚ್ಚುತ್ತೆ" ಎನ್ನುತ್ತಿದ್ದರು.

ಮುಂದಿನ ಪರೀಕ್ಷೆಗೆ ಅತ್ತೆ ಬೇಕು. ಅತ್ತೆ ಪಕ್ಕದ ಸೀಟಿನಿಂದ ಸರಿದು ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದರು. ಮಾವ ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವಿನ ದಪ್ಪ ವೈರನ್ನು ಕಿತ್ತು, ಅದರ ತುದಿಯನ್ನು ಎಂಜಿನ್ನಿನ ಮೈಯಿಂದ ಅಕ್ಕಿಕಾಳಿನಷ್ಟು ದೂರಕ್ಕೆ ಹಿಡಿದು "ಹೊಡಿ" ಅನ್ನುವರು. ಅತ್ತೆ ಸೆಲ್ಫ್ ಹೊಡೆಯುವರು. ಚಟ್ ಚಟ್ ಎಂದು ನೀಲಿ ಕಿಡಿ ಹಾರಿದರೆ ಕಾಯಿಲ್ಲೂ ಸರಿ, ಪಾಯಿಂಟೂ ಸರಿ, ಆಚೆ ನೋಡು. ಸಪ್ಪೆ ಹಳದಿ ಕಿಡಿ ಬಂದರೆ ಕಂಡೆನ್ಸರಿನ ಮೇಲೆ ಗುಮಾನಿ. ಏನೂ ಬಾರದಿದ್ದರೆ ಒಳಗೆ ಪಾಯಿಂಟು ಸುಟ್ಟಿದೆ, ಇಲ್ಲವೇ ಎಲ್ಲೋ ವೈರು ಕಳಚಿದೆ. "ಸಾಕು" ಎಂದರೆ ಅತ್ತೆ ಕೈ ತೆಗೆಯುವರು. ಗಂಡ ಹೆಂಡಿರ ನಡುವೆ ಆ ಹೊತ್ತಿನಲ್ಲಿ ಈ ಎರಡು ಮಾತು ಬಿಟ್ಟರೆ ಮೂರನೆಯದು ಹುಟ್ಟುತ್ತಿರಲಿಲ್ಲ. ಮನೆಯಲ್ಲಿ ಇಬ್ಬರೂ ಸಾಕಷ್ಟು ಜಗಳ ಆಡುವವರೇ. ಗಾಡಿ ನಿಂತಾಗ ಮಾತ್ರ ಆಡಿದ್ದನ್ನು ನಾನು ಕಂಡಿಲ್ಲ.

ಗಾಡಿ ಅಂದರೆ ಅಂಬಾಸಿಡರ್, ಮಾರ್ಕ್ 3. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಮೇಗರವಳ್ಳಿ ಸಿಗುತ್ತದಲ್ಲ, ಅಲ್ಲಿಂದ ಒಳಗೆ ಮಾವನ ತೋಟದ ಮನೆ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ಒಂದು ವರ್ಷ ಶಿವಮೊಗ್ಗದಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನ ಅಚ್ಚಿನಲ್ಲಿ, ಕಲ್ಕತ್ತದ ಹತ್ತಿರದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಗೆ ಹುಟ್ಟಿ, ಮೂತಿ ಡ್ಯಾಶ್‌ಬೋರ್ಡು ಅಷ್ಟಿಷ್ಟು ಬದಲಾಯಿಸಿಕೊಳ್ಳುತ್ತ 2014ರ ಮೇ ತಿಂಗಳವರೆಗೆ ಬಾಳಿದ ಕಾರು ಅದು. ಇವತ್ತು ಅಂಬಾಸಿಡರ್ ಹೆಸರೆತ್ತಿದರೆ ಸಾಕು, ಜನ ಕಣ್ಣು ತೇವ ಮಾಡಿಕೊಳ್ಳುತ್ತಾರೆ. ನನಗೆ ನಗು ಬರುತ್ತದೆ. ಸ್ಟೀರಿಂಗ್ ತಿರುಗಿಸಲು ರಟ್ಟೆಯಲ್ಲಿ ಶಕ್ತಿ ಬೇಕು, ಬ್ರೇಕು ಹಿಡಿಯಲು ದೇವರ ದಯೆ ಬೇಕು, ಮಳೆ ಬಂದರೆ ಕಾಲ ಬಳಿ ನೀರು. ಮೆತ್ತನೆ ಸೀಟು ಮತ್ತು ಡಿಕ್ಕಿಯ ಜಾಗ, ಇವೆರಡನ್ನು ಬಿಟ್ಟರೆ ಅದನ್ನು ಹೊಗಳಲು ನನಗೆ ಹೆಚ್ಚೇನೂ ಸಿಗುವುದಿಲ್ಲ. ಈಗ ನಾನು ಓಡಿಸುವ ಕಾರು ಬೆಳಿಗ್ಗೆ ಗುಂಡಿ ಒತ್ತಿದರೆ ಹೊರಡುತ್ತದೆ, ನನಗೆ ಅದೇ ಬೇಕು. ನಾನು ಹೇಳಹೊರಟಿರುವುದು ಕಾರಿನ ವಿಷಯವೇ ಅಲ್ಲ. ಅಂಥ ಕಾರನ್ನು ಇಪ್ಪತ್ತು ಮೂವತ್ತು ವರ್ಷ ಓಡಿಸುವುದಕ್ಕೆ ಒಬ್ಬ ಮನುಷ್ಯ ಏನೇನು ಕಲಿಯಬೇಕಾಗಿತ್ತು, ಅದು ಎಲ್ಲಿಗೆ ಹೋಯಿತು ಎನ್ನುವ ವಿಷಯ.

ಮಳೆಗಾಲದಲ್ಲಿ ಕಾಯಿಲೆ ಯಾವಾಗಲೂ ಕರೆಂಟಿನದೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಆ ಸೀಮೆಯಲ್ಲಿ ಜೂನ್ ಹತ್ತರ ಹೊತ್ತಿಗೆ ಹಪ್ಪಳ ಮೆತ್ತಗಾಗುತ್ತದೆ, ಬೆಂಕಿಪೆಟ್ಟಿಗೆ ಮೆತ್ತಗಾಗುತ್ತದೆ, ಅಂಬಾಸಿಡರ್ ಕೂಡ. ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಮೈಗೆ ಕಣ್ಣಿಗೆ ಕಾಣದಷ್ಟು ತೇವ ಹಿಡಿದರೂ ಸಾಕು, ಪ್ಲಗ್ಗಿಗೆ ಹೋಗಬೇಕಾದ ಸಾವಿರಾರು ವೋಲ್ಟಿನ ಕರೆಂಟು ಆ ತೇವದ ಮೇಲೇ ಹರಿದು ಎಂಜಿನ್ನಿನ ಕಬ್ಬಿಣಕ್ಕೆ ಇಳಿದುಹೋಗುತ್ತದೆ. ಕತ್ತಲಲ್ಲಿ ನೋಡಿದರೆ ವೈರುಗಳ ಮೈಮೇಲೆ ಸಣ್ಣ ನೀಲಿ ಮಿಂಚು ಓಡಾಡುವುದು ಕಾಣುತ್ತದೆ. ಹಾಗಾಗಿ ಬೆಳಿಗ್ಗೆ ಎಲ್ಲಿಗಾದರೂ ಹೊರಡುವುದಿದ್ದರೆ ಹಿಂದಿನ ರಾತ್ರಿಯೇ ಮಾವ ಎರಡು ಕ್ಲಿಪ್ಪು ಎಗರಿಸಿ ಕ್ಯಾಪನ್ನು ವೈರುಗಳ ಸಮೇತ ಬಿಚ್ಚಿ ತಂದು ಬಚ್ಚಲೊಲೆಯ ದಂಡೆಯ ಮೇಲೆ ಇಡುತ್ತಿದ್ದರು. ಹಂಡೆಯ ಪಕ್ಕ, ಬೂದಿ ತಾಗದಂತೆ, ಬಿಸಿ ಮಾತ್ರ ತಾಗುವಂತೆ. ಅದರ ಪಕ್ಕದಲ್ಲಿ ಸಾಲಾಗಿ ನಾಲ್ಕು ಪ್ಲಗ್ಗು. ಬೆಳಗಿನ ಜಾವ ಸ್ನಾನಕ್ಕೆ ಹೋದ ಮಕ್ಕಳು ಅವುಗಳ ಮೇಲೆ ನೀರು ಹಾರಿಸಿದರೆ ಬೆನ್ನಿಗೆ ಒಂದು ಬಿತ್ತು ಅಂತಲೇ ಲೆಕ್ಕ.

ವೈರುಗಳನ್ನು ಮತ್ತೆ ಜೋಡಿಸುವ ಕ್ರಮ ಮನೆಯ ಮಕ್ಕಳಿಗೆಲ್ಲ ಬಾಯಿಪಾಠ. ಒಂದು, ಮೂರು, ನಾಲ್ಕು, ಎರಡು. ಸಿಲಿಂಡರುಗಳು ಹೊತ್ತಿಕೊಳ್ಳುವ ಸರದಿ ಅದು, ಒಂದು ವೈರು ಅದಲುಬದಲಾದರೂ ಗಾಡಿ ಸೈಲೆನ್ಸರಿನಲ್ಲಿ ಗುಂಡು ಹಾರಿಸುತ್ತದೆ. ಮಗ್ಗಿ ತಪ್ಪಿದರೆ ಮಾವ ಸುಮ್ಮನಿರುತ್ತಿದ್ದರು, ಇದು ತಪ್ಪಿದರೆ ಇರುತ್ತಿರಲಿಲ್ಲ. ಪಾಯಿಂಟುಗಳ ನಡುವಿನ ಸಂದು ಒಂದಂಗುಲದ ಸಾವಿರದಲ್ಲಿ ಹದಿನೈದು ಪಾಲು, ಅಂದರೆ 0.38 ಮಿಲಿಮೀಟರ್ ಇರಬೇಕು. ಅದನ್ನು ಅಳೆಯುವ ಗೇಜು ಮಾವನ ಹತ್ತಿರ ಇತ್ತು, ಆದರೆ ಅವರು ಬಳಸುತ್ತಿದ್ದದ್ದು ಮದುವೆಯ ಕರೆಯೋಲೆಯನ್ನು. ದಪ್ಪ ಕಾಗದದ ಒಂಟಿ ಹಾಳೆಯ ಕರೆಯೋಲೆ ಬಂದರೆ ಮೊದಲು ಬೆರಳ ನಡುವೆ ತಿಕ್ಕಿ ನೋಡುವರು. ವಧೂವರರ ಹೆಸರು ಆಮೇಲೆ. ಹಿಡಿಸಿದರೆ ಅದರ ಅಂಚು ಕತ್ತರಿಸಿ ಗಾಡಿಯ ಡಬ್ಬಿ ಸೇರುತ್ತಿತ್ತು. ಊರಿನ ಎಷ್ಟು ಜನರ ದಾಂಪತ್ಯ ಆ ಪಾಯಿಂಟುಗಳ ನಡುವೆ ನುಸುಳಿ ಹೋಗಿದೆಯೋ ದೇವರೇ ಬಲ್ಲ.

ಬ್ಯಾಟರಿ ಕೈಕೊಟ್ಟ ದಿನ ಹ್ಯಾಂಡಲ್. ಎರಡು ಕಡೆ ಬಗ್ಗಿದ ಉದ್ದನೆಯ ಕಬ್ಬಿಣದ ಸಲಾಕೆ, ಮುಂದಿನ ಬಂಪರಿನ ತೂತಿನೊಳಗೆ ತೂರಿಸಿ ಎಂಜಿನ್ನನ್ನು ಕೈಯಿಂದಲೇ ತಿರುಗಿಸುವುದು. ಇದರಲ್ಲಿ ಒಂದು ಶಾಸ್ತ್ರವಿದೆ. ಹೆಬ್ಬೆರಳು ಹಿಡಿಯನ್ನು ಸುತ್ತಬಾರದು, ಉಳಿದ ನಾಲ್ಕು ಬೆರಳುಗಳ ಕಡೆಗೇ ಇರಬೇಕು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಕೆಳಕ್ಕೆ ಒತ್ತಬಾರದು. ಎಂಜಿನ್ನು ಹಿಮ್ಮುಖವಾಗಿ ಒದ್ದರೆ ಹ್ಯಾಂಡಲ್ ತಿರುಗಿ ಬಂದು ಮಣಿಕಟ್ಟು ಮುರಿಯುತ್ತದೆ. ಅಮೆರಿಕದಲ್ಲಿ ಹೀಗೆ ಕೈ ದವಡೆ ಮುರಿದುಕೊಂಡವರ ಕಾಟ ನೋಡಿಯೇ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರು ಬ್ಯಾಟರಿಯಿಂದ ತಿರುಗುವ ಸೆಲ್ಫ್ ಮಾಡಿಕೊಟ್ಟದ್ದು, 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು. ಅದಾಗಿ ಎಷ್ಟೋ ದಶಕ ಕಳೆದ ಮೇಲೂ ಮೇಗರವಳ್ಳಿಯಲ್ಲಿ ಚಳಿಗಾಲದ ಬೆಳಿಗ್ಗೆ ಮಾವ ಕಾಲು ಅಗಲಿಸಿ ನಿಂತು, ಬೆನ್ನು ಬಾಗಿಸಿ, ಒಂದೇ ಒಂದು ಎಳೆತ ಎಳೆಯುವರು. ಎರಡನೆಯ ಎಳೆತ ಬೇಕಾದರೆ ಟೈಮಿಂಗ್ ಸರಿಯಿಲ್ಲ ಎಂದು ಅರ್ಥ.

ಬೇಸಿಗೆ ಬಂದರೆ ಪೆಟ್ರೋಲಿನ ಕಾಯಿಲೆಗಳು ಶುರು. ಅವುಗಳಲ್ಲಿ ರಾಜರೋಗ ಎಂದರೆ ಘಾಟಿಯ ಏರ್ ಲಾಕ್. ಉಡುಪಿ ಕಡೆ ಮದುವೆ ಮುಗಿಸಿ, ಮಧ್ಯಾಹ್ನದ ಊಟ ಮುಗಿಸಿ, ಹೆಬ್ರಿ ದಾಟಿ, ಸೋಮೇಶ್ವರದಿಂದ ಹದಿನಾಲ್ಕು ತಿರುವು ಹತ್ತಬೇಕು. ಮೇಲೆ ಆಗುಂಬೆ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರ. ಗಾಡಿಯಲ್ಲಿ ಎಂಟು ಹತ್ತು ಜನ, ಡಿಕ್ಕಿಯಲ್ಲಿ ತೆಂಗಿನಕಾಯಿ, ಏಪ್ರಿಲ್ ಬಿಸಿಲು. ಮೊದಲನೇ ಗೇರಿನಲ್ಲಿ ಎಂಜಿನ್ನು ಕೂಗುತ್ತದೆ, ವೇಗ ಮಾತ್ರ ನಡೆಯುವವನದು, ರೇಡಿಯೇಟರಿಗೆ ಗಾಳಿ ಸಾಲದು. ಪೆಟ್ರೋಲಿನ ಹಗುರಾದ ಅಂಶಗಳು ನಲವತ್ತು ಡಿಗ್ರಿ ಆಸುಪಾಸಿನಲ್ಲೇ ಆವಿಯಾಗತೊಡಗುವಂಥವು. ಬಾನೆಟ್ಟಿನ ಕೆಳಗಿನ ಬಿಸಿ ಅದರ ಎರಡರಷ್ಟಿರುತ್ತದೆ. ಟ್ಯಾಂಕಿರುವುದು ಹಿಂದುಗಡೆ, ಪಂಪಿರುವುದು ಮುಂದೆ ಎಂಜಿನ್ನಿನ ಪಕ್ಕೆಗೆ. ಅಷ್ಟು ದೂರದಿಂದ ಎಳೆದು ತರುವ ಪೈಪಿನೊಳಗೆ ಪೆಟ್ರೋಲು ಕುದಿದು ಗುಳ್ಳೆಯಾದರೆ ಪಂಪು ಆ ಗುಳ್ಳೆಯನ್ನೇ ಹಿಸುಕುತ್ತ ಕೂರುತ್ತದೆ, ಕಾರ್ಬುರೇಟರಿಗೆ ಹನಿಯೂ ಬರುವುದಿಲ್ಲ. ಗಾಡಿ ಮುಗ್ಗರಿಸುತ್ತದೆ, ಬಿಕ್ಕುತ್ತದೆ, ತಿರುವಿನ ನಡುವೆಯೇ ನಿಲ್ಲುತ್ತದೆ. ಹಿಂದೆ ಬಸ್ಸಿನವನು ಹಾರ್ನ್ ಶುರು ಮಾಡುತ್ತಾನೆ.

ಮಾವ ಗಾಡಿ ತಾನಾಗಿ ನಿಲ್ಲುವವರೆಗೆ ಕಾಯುತ್ತಿರಲಿಲ್ಲ. ಘಾಟಿಯ ನಡುಮಧ್ಯದಲ್ಲಿ, ಬಂಡೆಯಿಂದ ನೀರು ಜಿನುಗಿ ಮೋರಿಗೆ ಇಳಿಯುವ ಒಂದು ತಿರುವಿದೆ. ಬೇಕಿರಲಿ ಬೇಡದಿರಲಿ ಅಲ್ಲಿ ನಿಲ್ಲಿಸುವುದು, ಹಿಂದಿನ ಚಕ್ರಕ್ಕೆ ಕಲ್ಲು ಕೊಡುವುದು ನಮ್ಮ ಕೆಲಸ. ಮಾವ ಹೆಗಲ ಮೇಲಿನ ಬೈರಾಸನ್ನು ಆ ನೀರಿನಲ್ಲಿ ಅದ್ದಿ, ಅರ್ಧ ಹಿಂಡಿ, ಪೆಟ್ರೋಲ್ ಪಂಪಿಗೆ ಸುತ್ತುತ್ತಿದ್ದರು. ಬಟ್ಟೆಯಿಂದ ಸುಯ್ ಎಂದು ಹಬೆ ಏಳುವುದು. ಆಮೇಲೆ ಪಂಪಿನ ಅಡಿಯ ಸಣ್ಣ ಲಿವರನ್ನು ಹೆಬ್ಬೆರಳಿನಿಂದ ಒತ್ತುತ್ತ ಕಿವಿ ಕೊಡುವರು. ಮೊದಮೊದಲು ಲಿವರು ಪೊಳ್ಳು ಪೊಳ್ಳಾಗಿ ಆಡುತ್ತದೆ, ಪೆಟ್ರೋಲು ಬಂದೊಡನೆ ಬೆರಳಿಗೆ ಭಾರ ತಿಳಿಯುತ್ತದೆ, ಕಾರ್ಬುರೇಟರಿನ ಫ್ಲೋಟ್ ಚೇಂಬರ್ ತುಂಬಿದಾಗ ಮತ್ತೆ ಹಗುರಾಗುತ್ತದೆ. ಒಮ್ಮೊಮ್ಮೆ ಲಿವರು ಏನು ಮಾಡಿದರೂ ಕೆಲಸ ಮಾಡುವುದಿಲ್ಲ. ಪಂಪು ಕೆಟ್ಟಿದೆ ಎಂದು ಅವಸರದವರು ಅದನ್ನು ಬಿಚ್ಚಿಯೇ ಬಿಡುತ್ತಾರೆ. ಪಂಪಿಗೇನೂ ಆಗಿರುವುದಿಲ್ಲ. ಒಳಗಿನ ಕ್ಯಾಮು ಪಂಪಿನ ತೋಳನ್ನು ಪೂರ್ತಿ ಒತ್ತಿ ಹಿಡಿದಿರುತ್ತದೆ ಅಷ್ಟೆ. ಹ್ಯಾಂಡಲಿನಿಂದ ಎಂಜಿನ್ನನ್ನು ಒಂದು ಸುತ್ತು ತಿರುಗಿಸಿದರೆ ಲಿವರಿಗೆ ಜೀವ ಬರುತ್ತದೆ. ಆ ತಿರುವಿನಲ್ಲಿ ನಾವು ಮಂಗಗಳಿಗೆ ಬಾಳೆಹಣ್ಣಿನ ಸಿಪ್ಪೆ ಎಸೆಯುತ್ತ, ಅತ್ತೆ ಎಲೆಅಡಿಕೆಯ ಸಂಚಿ ಬಿಚ್ಚಿ ಕೂತು, ಗಾಡಿ ತಣಿಯುವವರೆಗೆ ಹೊತ್ತು ಕಳೆಯುತ್ತಿದ್ದೆವು. ಅವಸರ ಯಾರಿಗೂ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ, ತೋಟಕ್ಕೆ ನೀರು ಬಿಡುವವನು ಕಾಯುತ್ತಿರುತ್ತಿದ್ದ. ಆದರೆ ಮಾವನನ್ನು ಅವಸರ ಮಾಡಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಒಂದು ಕಾಯಿಲೆ ಮಾತ್ರ ಮಾವನನ್ನೂ ತಿಂಗಳುಗಟ್ಟಲೆ ಆಟವಾಡಿಸಿತು. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಗಾಡಿ ನಿಲ್ಲಿಸಿದ್ದಾಗ ಯಾರೋ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಕದ್ದರು. ಬೇರೆ ಮುಚ್ಚಳ ಕೊಂಡು ಹಾಕಿದ್ದಾಯಿತು. ಅದಾದ ಮೇಲೆ ಗಾಡಿಗೆ ಹೊಸ ಚಾಳಿ. ಮನೆಯಿಂದ ಚೆನ್ನಾಗಿಯೇ ಹೊರಡುತ್ತದೆ, ಹತ್ತು ಹದಿನೈದು ಮೈಲಿ ಹೋಗುತ್ತದೆ, ಆಮೇಲೆ ಉಸಿರು ಕಟ್ಟಿದಂತಾಗಿ ನಿಲ್ಲುತ್ತದೆ. ಕಾಲು ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಕರೆಂಟು ನೋಡಿದರು, ನೀಲಿ ಕಿಡಿ. ಕಾಯಿಲ್ಲು ಬಿಸಿಯಾಗಿ ಸಾಯುತ್ತಿರಬಹುದೆಂದು ಅದನ್ನೂ ಬದಲಾಯಿಸಿದರು. ಪಂಪಿನ ಡಯಾಫ್ರಮ್ ಹೊಸದು ಬಂತು. ಕಾರ್ಬುರೇಟರಿನ ಜೆಟ್ಟುಗಳನ್ನು ಬಿಚ್ಚಿ ಊದಿ ಊದಿ ಇಟ್ಟರು. ಟ್ಯಾಂಕು ಇಳಿಸಿ ತೊಳೆದರೆ ಒಂದು ಬೊಗಸೆ ತುಕ್ಕು ಬಿತ್ತು, ಇದೇ ಕಾರಣ ಎಂದು ಎಲ್ಲರೂ ಖುಷಿಪಟ್ಟರು. ಮರುದಿನ ಮಂಡಗದ್ದೆ ಹತ್ತಿರ ಗಾಡಿ ಮತ್ತೆ ನಿಂತಿತು.

ಕೊನೆಗೆ ಮಾತಾಡಿದ್ದು ಅತ್ತೆ. ಬಂಕಿನ ಹುಡುಗ ಮುಚ್ಚಳ ತಿರುಗಿಸುವಾಗ ಉಸ್ ಎಂದು ಗಾಳಿ ಒಳಗೆ ಎಳೆದುಕೊಂಡ ಸದ್ದು ಕೇಳುತ್ತದೆ, ಹಳೇ ಮುಚ್ಚಳದಲ್ಲಿ ಕೇಳುತ್ತಿರಲಿಲ್ಲ ಎಂದರು. ಮಾವ ಅತ್ತೆಯ ಮುಖ ನೋಡಿದರು, ಏನೂ ಹೇಳಲಿಲ್ಲ, ಮನೆಗೆ ಬಂದವರೇ ಮುಚ್ಚಳಕ್ಕೆ ಸಣ್ಣ ಮೊಳೆಯಿಂದ ತೂತು ಹೊಡೆದರು. ಟ್ಯಾಂಕಿನಿಂದ ಎಷ್ಟು ಪೆಟ್ರೋಲು ಹೊರಗೆ ಹೋಗುತ್ತದೋ ಅಷ್ಟು ಗಾಳಿ ಒಳಗೆ ಬರಬೇಕು. ಹೊಸ ಮುಚ್ಚಳದಲ್ಲಿ ಗಾಳಿಗೆ ದಾರಿಯೇ ಇರಲಿಲ್ಲ. ಮೈಲಿ ಓಡಿದಂತೆಲ್ಲ ಒಳಗೆ ನಿರ್ವಾತ ಬೆಳೆದು ಪಂಪಿಗೆ ಎಳೆಯಲಾಗುತ್ತಿರಲಿಲ್ಲ. ನಿಂತರೆ ಎಲ್ಲಿಂದಲೋ ಇಷ್ಟಿಷ್ಟೇ ಗಾಳಿ ನುಸುಳಿ ಸರಿಹೋಗುತ್ತಿತ್ತು. ಈ ಕಥೆಯನ್ನು ಮಾವ ಆಮೇಲೆ ಬಂದ ನೆಂಟರಿಗೆಲ್ಲ ಹೇಳಿದರು. ಸೊಗಸಾಗಿ ಹೇಳುತ್ತಿದ್ದರು. ಆ ಉಸ್ ಸದ್ದನ್ನು ಕೇಳಿಸಿಕೊಂಡವರು ಯಾರು ಎಂಬ ಭಾಗ ವರ್ಷ ಕಳೆದಂತೆ ಸ್ವಲ್ಪ ಸ್ವಲ್ಪವೇ ಸವೆದುಹೋಗಿ, ಕೊನೆಕೊನೆಗೆ ಮಾವನೇ ಕೇಳಿಸಿಕೊಂಡಿದ್ದರು. ಅತ್ತೆ ಕಾಫಿ ಲೋಟ ತಂದಿಟ್ಟು ಒಳಗೆ ಹೋಗುತ್ತಿದ್ದರು.

ಗಾಡಿಯ ಡಬ್ಬಿ ಎಂದೆನಲ್ಲ, ಅದು ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬಿ. ಒಂದು ಜೊತೆ ಪಾಯಿಂಟು, ಕಂಡೆನ್ಸರ್, ರೋಟರ್, ಎಮ್ರಿ ಕಾಗದ, ಸೈಕಲ್ ಟ್ಯೂಬಿನ ರಬ್ಬರು, ಹಳೇ ಪಂಚೆಯ ಚೂರು, ಮತ್ತು ಅರ್ಧ 501 ಬಾರ್ ಸೋಪು. ಸೋಪು ಕೈ ತೊಳೆಯಲಿಕ್ಕಲ್ಲ. ಕಲ್ಲು ಬಡಿದು ಟ್ಯಾಂಕು ಸೋರಿದರೆ ಆ ತೂತಿಗೆ ಸೋಪು ತೀಡಿ ತುಂಬಿದರೆ ಊರು ಸೇರುವವರೆಗೆ ಯೋಚನೆಯಿಲ್ಲ. ನೀರಿಗೆ ಕರಗುವ ಸೋಪು ಪೆಟ್ರೋಲಿಗೆ ಕರಗುವುದಿಲ್ಲ. ಡಬ್ಬಿಯಲ್ಲಿ ಇಲ್ಲದಿದ್ದದ್ದು ತಂತಿ. ಜೆಟ್ಟಿನಲ್ಲಿ ಕಸ ಸಿಕ್ಕಿದರೆ ದಾರಿಬದಿಯ ಮೆಕ್ಯಾನಿಕ್ಕುಗಳು ವೈರಿನ ಒಂದು ಎಳೆ ತೆಗೆದು ಚುಚ್ಚಿಬಿಡುತ್ತಿದ್ದರು. ನಮ್ಮ ಗಾಡಿಯದು ಸೋಲೆಕ್ಸ್ ಕಾರ್ಬುರೇಟರ್. ಅದರ ಹಿತ್ತಾಳೆಯ ಜೆಟ್ಟಿನ ಮೇಲೆ ಕೊರೆದ ಅಂಕಿ ತೂತಿನ ಅಗಲವನ್ನು ಮಿಲಿಮೀಟರಿನ ನೂರನೇ ಪಾಲುಗಳಲ್ಲಿ ಹೇಳುತ್ತದೆ. ಅಷ್ಟು ಸೂಕ್ಷ್ಮದ ತೂತಿಗೆ ತಂತಿ ಹಾಕಿ ಎಳೆದಾಡಿದರೆ ಅದು ಹಿಗ್ಗುತ್ತದೆ, ಅಂದಿನಿಂದ ಗಾಡಿ ಹೊಟ್ಟೆಬಾಕ. ಮಾವ ಬಾಯಲ್ಲಿಟ್ಟು ಊದುವರು, ಸೂರ್ಯನಿಗೆ ಹಿಡಿದು ನೋಡುವರು, ಮತ್ತೆ ಊದುವರು. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುವ ದಂಧೆ ಜೋರಾಗಿದ್ದ ಕಾಲ ಬೇರೆ. ಬಂಕಿನಲ್ಲಿ ಫಿಲ್ಟರ್ ಪೇಪರ್ ಕೇಳಿ ಪಡೆದು ಅದರ ಮೇಲೆ ಒಂದು ಹನಿ ಬಿಟ್ಟು, ಆರಿದ ಮೇಲೆ ಕಲೆ ಉಳಿದರೆ ಬಂಕಿನವನಿಗೆ ಸಹಸ್ರನಾಮ.

ಮಾವ ತೀರಿಕೊಂಡದ್ದು ಮಳೆಗಾಲದಲ್ಲಿ, ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ. ಹೆಚ್ಚು ದಿನ ಮಲಗಲಿಲ್ಲ. ಆಂಬುಲೆನ್ಸಿನಲ್ಲಿ ಅವರ ಜೊತೆ ಮಾವನ ಮಗ, ನಾನು, ಅತ್ತೆ. ಹೊಸ ಗಾಡಿ, ಡೀಸೆಲ್ ಎಂಜಿನ್ನು, ಡ್ರೈವರ್ ಹುಡುಗ ಚುರುಕು. ಸೋಮೇಶ್ವರ ಬಿಟ್ಟದ್ದು ಗೊತ್ತಾಯಿತು, ಆಗುಂಬೆ ಚೆಕ್‌ಪೋಸ್ಟ್ ಬಂದದ್ದು ಗೊತ್ತಾಯಿತು. ನೀರು ಜಿನುಗುವ ತಿರುವಿನಲ್ಲಿ ಅತ್ತೆ ಒಮ್ಮೆ ಮುಂದಕ್ಕೆ ಬಾಗಿ ಡ್ರೈವರನ ಕಡೆ ನೋಡಿದರು. ಮಾವ ಆ ಘಾಟಿಯನ್ನು ನಿಲ್ಲದೆ ಹತ್ತಿದ್ದು ಅದೇ ಮೊದಲು.

ಆಮೇಲೆ ಗಾಡಿ ಕೊಟ್ಟಿಗೆಯಲ್ಲಿ ನಿಂತಿತು. ದನ ಮಾರಿಯಾಗಿತ್ತು, ಕೊಟ್ಟಿಗೆ ಖಾಲಿಯಿತ್ತು. ಮಾವನ ಮಗ ಬೆಂಗಳೂರಿನಲ್ಲಿರುವವನು, ಹಬ್ಬಕ್ಕೆ ಬಂದಾಗಲೆಲ್ಲ ಟಾರ್ಪಾಲು ಎತ್ತಿ ನೋಡಿ ಮತ್ತೆ ಹೊದಿಸುವನು. ಕೊನೆಗೊಂದು ದೀಪಾವಳಿಗೆ ಇಬ್ಬರೂ ಸೇರಿ ಅದನ್ನು ಹೊರಡಿಸಲು ಕೂತೆವು. ಟ್ಯಾಂಕಿನಲ್ಲಿದ್ದ ಪೆಟ್ರೋಲು ಕಷಾಯದ ಬಣ್ಣಕ್ಕೆ ತಿರುಗಿತ್ತು, ವಾಸನೆ ವಾರ್ನಿಶಿನದು. ಪೆಟ್ರೋಲು ಹಾಗೆಯೇ ಇಟ್ಟರೆ ಹಗುರದ ಅಂಶ ಹಾರಿಹೋಗಿ ಉಳಿದದ್ದು ಅಂಟಾಗುತ್ತದೆ, ಆ ಅಂಟು ಜೆಟ್ಟು, ನೀಡಲ್ ಎಲ್ಲವನ್ನೂ ಕಚ್ಚಿ ಹಿಡಿಯುತ್ತದೆ. ಅದನ್ನು ಚೆಲ್ಲಿ, ತೊಳೆದು, ಹೊಸ ಪೆಟ್ರೋಲು ಹಾಕಿದರೆ ಅದರದ್ದು ಇನ್ನೊಂದು ಪುರಾಣ. ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಪ್ರಧಾನಿಗಳು ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದ್ದರು, ಈಗ ಎಲ್ಲ ಬಂಕಿನಲ್ಲೂ ಅದೇ. ಕಬ್ಬು ಬೆಳೆಯುವವರಿಗೆ ಒಳ್ಳೆಯದಾದರೆ ನನ್ನ ತಕರಾರಿಲ್ಲ. ಆದರೆ ಎಥೆನಾಲು ಗಾಳಿಯ ತೇವವನ್ನು ಹೀರಿಕೊಳ್ಳುವಂಥದ್ದು, ಮಲೆನಾಡಿನ ಗಾಳಿಯಲ್ಲಿ ಹೀರಿಕೊಳ್ಳಲು ಬೇಕಾದಷ್ಟಿದೆ. ಅದು ಹಳೇ ರಬ್ಬರನ್ನು ಉಬ್ಬಿಸುತ್ತದೆ, ಟ್ಯಾಂಕಿನ ಗೋಡೆಗೆ ಅಂಟಿಕೊಂಡು ತೆಪ್ಪಗಿದ್ದ ಕೊಳೆಯನ್ನೆಲ್ಲ ಎಬ್ಬಿಸಿ ಮುಂದಕ್ಕೆ ಕಳಿಸುತ್ತದೆ. ನಮ್ಮ ಪಂಪಿನ ಡಯಾಫ್ರಮ್ ವಾರದೊಳಗೆ ಮೆತ್ತಗಾಗಿ ಸೋರತೊಡಗಿತು.

ತೀರ್ಥಹಳ್ಳಿಯಿಂದ ಮೆಕ್ಯಾನಿಕ್ ಹುಡುಗನನ್ನು ಕರೆಸಿದೆವು. ಬುದ್ಧಿವಂತ. ಹೊಸ ಕಾರುಗಳಿಗೆ ಸ್ಕ್ಯಾನರ್ ಚುಚ್ಚಿ ನಂಬರು ಓದಿ ಹೇಳುವುದರಲ್ಲಿ ಎತ್ತಿದ ಕೈ. ಡಿಸ್ಟ್ರಿಬ್ಯೂಟರ್ ಬಿಚ್ಚಿ ನೋಡಿ, "ಇದರದ್ದು ಎಲ್ಲಾ ಇದೆ ಸರ್, ಆದ್ರೆ ಎಷ್ಟೆಷ್ಟು ಅಂತ ಇದು ಹೇಳಲ್ವಲ್ಲ" ಎಂದ. ಅವನ ಮಾತು ನಿಜ. ಎಷ್ಟೆಷ್ಟು ಎಂಬುದು ಗಾಡಿಯಲ್ಲಿರಲಿಲ್ಲ. ಪಾಯಿಂಟಿನ ಸಂದು, ಪ್ಲಗ್ಗಿನ ಸಂದು, ಟೈಮಿಂಗು, ಇವೆಲ್ಲ ಪುಸ್ತಕದಲ್ಲಿ ಸಿಗುತ್ತವೆ, ನಾನು ಹುಡುಕಿ ಬರೆದುಕೊಂಡಿದ್ದೆ ಕೂಡ. ಆದರೆ ಆ ಅಳತೆಗಳೆಲ್ಲ ಕಾರ್ಖಾನೆಯಿಂದ ಆಗತಾನೇ ಇಳಿದ ಎಂಜಿನ್ನಿನವು. ಸವೆದು, ಕೊರೆಸಿಕೊಂಡು, ಬೇರೆ ಬೇರೆ ಗಾಡಿಯ ಭಾಗಗಳನ್ನು ಹೊಟ್ಟೆಗೆ ಹಾಕಿಕೊಂಡ ಈ ಒಂದು ಎಂಜಿನ್ನಿಗೆ ಅದರದ್ದೇ ಆದ ಲೆಕ್ಕ ಇತ್ತು. ಯಾವ ಸ್ಕ್ರೂ ಪೂರ್ತಿ ಬಿಗಿ ಮಾಡಬಾರದು, ಚೋಕು ಎಲ್ಲಿಯವರೆಗೆ, ಕ್ಯಾಪಿನ ಯಾವ ಕ್ಲಿಪ್ಪಿನ ಕೆಳಗೆ ರಬ್ಬರಿನ ಚೂರು ಇಡಬೇಕು ಎಂಬುದನ್ನು ಮಾವ ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಎಂದು ಅವರಿಗೇ ಅನಿಸಿರಲಿಕ್ಕಿಲ್ಲ. ಗಾಡಿ ಕೆಮ್ಮಿತು, ಒಂದೆರಡು ಸಲ ಹಿಡಿದಂತೆ ಮಾಡಿತು, ಬ್ಯಾಟರಿ ಇಳಿಯಿತು. ಮಾವನ ಮಗ ಮಾರಿಬಿಡೋಣ ಎಂದ.

ಕೊಳ್ಳಲು ಬಂದವನು ಬೆಂಗಳೂರಿನ ಹುಡುಗ. ಕಂಪ್ಯೂಟರ್ ಕೆಲಸ, ಹಳೇ ಕಾರುಗಳ ಹುಚ್ಚು. ಗಾಡಿಯನ್ನು ಹೊತ್ತೊಯ್ಯಲು ಲಾರಿ ಸಮೇತ ಬಂದಿದ್ದ. ಬಾನೆಟ್ ಎತ್ತಿ, ಅದು ಇದು ಮುಟ್ಟಿ, ನಮ್ಮನ್ನು ಏನೇನೋ ಕೇಳಿದ. ನಾವು ಗೊತ್ತಿದ್ದಷ್ಟು ಹೇಳಿದೆವು, ಅಂದರೆ ಬಹಳ ಹೇಳಲಿಲ್ಲ. ಕಾಫಿ ತಂದ ಅತ್ತೆ ಲೋಟ ಕೊಟ್ಟು ಅಲ್ಲೇ ನಿಂತರು.

"ಬೆಳಿಗ್ಗೆ ಚೋಕು ಪೂರ್ತಿ ಎಳೀಬೇಕು" ಎಂದರು. "ಹಿಡಿದ ಕೂಡ್ಲೆ ಅರ್ಧ ಬಿಡಿ. ಪೂರ್ತಿ ಬಿಟ್ರೆ ನಿಲ್ತದೆ. ಬಿಸಿ ಇದ್ದಾಗ ಚೋಕು ಮುಟ್ಟಲೇಬೇಡಿ. ಎಕ್ಸಿಲೇಟರ್ ತಳ ಮುಟ್ಟೋ ಹಾಗೆ ಒತ್ತಿ ಹಿಡ್ಕೊಂಡು ಸೆಲ್ಫ್ ಹೊಡೀರಿ. ಪಂಪ್ ಮಾಡಬಾರದು, ಮಾಡಿದ್ರೆ ಪ್ಲಗ್ಗೆಲ್ಲ ತೊಯ್ದು ಅರ್ಧ ದಿನ ಕೂರಬೇಕು."

ಹುಡುಗ ಲೋಟ ಕೆಳಗಿಟ್ಟು ಫೋನ್ ತೆಗೆದ. ಅತ್ತೆ ಮುಂದುವರಿಸಿದರು. ಸೆಲ್ಫಿನ ಗಾಲಿ ಸಿಕ್ಕಿಕೊಂಡು ಟಕ್ ಎಂದು ಸುಮ್ಮನಾದರೆ ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಹಿಂದೆ ಮುಂದೆ ಅಲುಗಿಸಬೇಕು. ಸದ್ದು ಎಳೆದು ಎಳೆದು ಬಂದರೆ ಬ್ಯಾಟರಿಯ ಟರ್ಮಿನಲ್ಲಿನ ಹಸಿರು ಕಿಲುಬು, ಬಿಸಿನೀರು ಹುಯ್ಯಿ. ಸೆಲ್ಫು ಹಗುರವಾಗಿ ಸುತ್ತಿ ಎಂಜಿನ್ನು ಹಿಡಿಯದಿದ್ದರೆ ಬಾನೆಟ್ಟಿನ ಕಡೆ ಹೋಗಿ. ಒಂದು ಸದ್ದಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ಅವರು ಬಾಯಲ್ಲೇ ಮಾಡಿ ತೋರಿಸಿದರು. ಮಾವ ಬಾನೆಟ್ಟಿನ ಆಚೆಯಿಂದ ಕೇಳಿದ್ದನ್ನೆಲ್ಲ ಅತ್ತೆ ಸ್ಟೀರಿಂಗಿನ ಈಚೆಯಿಂದ ಅಷ್ಟೇ ವರ್ಷ ಕೇಳಿದ್ದರು. ಮಾವನ ಮಗ ನನ್ನನ್ನು ನೋಡಿದ. ಗಾಡಿ ಹಾಳಾಗಿ ನಿಂತ ಅಷ್ಟೂ ಕಾಲ ಅತ್ತೆಯನ್ನು ಒಂದು ಮಾತು ಕೇಳೋಣ ಎಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. "ಮತ್ತೆ ಮುಚ್ಚಳ ಬದಲಾಯಿಸಬೇಡಿ" ಎಂದರು ಅತ್ತೆ. "ಆ ತೂತು ನಾನೇ ಹೊಡೆಸಿದ್ದು."

ಲೆಕ್ಕ ಚುಕ್ತಾ ಮಾಡುವ ಮುಂಚೆ ಹುಡುಗ ಡಿಕ್ಕಿ ತೆಗೆದು ತಡಕಾಡಿದ. "ಹ್ಯಾಂಡಲ್ ಕಾಣ್ತಿಲ್ಲ ಅಮ್ಮ?"

"ಅದು ಬಚ್ಚಲಲ್ಲಿದೆ. ಕೊಳ್ಳಿ ನೂಕಲಿಕ್ಕೆ ಬೇಕು."

ಅದಿಲ್ಲದೆ ಗಾಡಿ ಪೂರ್ತಿಯಾಗುವುದಿಲ್ಲ ಎಂದ. ಸಾವಿರ ಹೆಚ್ಚು ಕೊಡುತ್ತೇನೆಂದ. ತೀರ್ಥಹಳ್ಳಿಯಿಂದ ಹೊಸ ಸಲಾಕೆ ತರಿಸಿಕೊಡುತ್ತೇನೆಂದ. ಅಂಗಡಿಯದು ಅಷ್ಟು ಉದ್ದ ಇರುವುದಿಲ್ಲ, ಕೈ ಸುಡುತ್ತದೆ ಎಂದು ಅತ್ತೆ ಒಪ್ಪಲಿಲ್ಲ. ಲಾರಿಯವನು ಹೊತ್ತಾಯಿತು ಎಂದು ಹಾರ್ನ್ ಹೊಡೆದ. ಹುಡುಗ ಕೊನೆಗೆ ಬಿಸ್ಕತ್ತಿನ ಡಬ್ಬಿಯನ್ನಷ್ಟೇ ತೆಗೆದುಕೊಂಡು ಹಣ ಎಣಿಸಿ ಕೊಟ್ಟ. ಅತ್ತೆ ಜಗಲಿಯಲ್ಲಿ ಕೂತು ಬೆರಳು ಒದ್ದೆ ಮಾಡಿಕೊಂಡು ಮತ್ತೊಮ್ಮೆ ಎಣಿಸಿದರು. ಎರಡು ಹರಿದ ನೋಟು ಸಿಕ್ಕಿದವು, ವಾಪಸು ಕೊಟ್ಟು ಬೇರೆ ಕೊಡಿ ಎಂದರು.